ಬಾಟಿಕ್ ಕಸುಬು: ಹಳತು, ಹೊಸತು ಮತ್ತು ಒಡೆತನ

(ಕೈಕಸುಬಿನ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣದ ಪಾಠ)



ಕೈಕಸುಬಿನಲ್ಲಿ ಹಳೆಯದನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬೇಕು, ಹೊಸದನ್ನು ಎಷ್ಟರಮಟ್ಟಿಗೆ ಬರಮಾಡಿಕೊಳ್ಳಬೇಕು ಎಂಬ ವಿಷಯವಾಗಿ ಮಾತನಾಡಬೇಕೆಂದು ನೀವು ನಮ್ಮನ್ನು ಕರೆದಿದ್ದೀರಿ. ಕರೆಯುವಾಗಲೇ ನಿಮ್ಮ ಕಷ್ಟವನ್ನೂ ಹೇಳಿದ್ದೀರಿ. ಬಾಟಿಕ್ ಕೆಲಸ ಕಲಿತು ಸಂಘ ಕಟ್ಟಿಕೊಂಡ ಹೆಂಗಸರ ಮುಂದೆ ವ್ಯಾಪಾರಿಯೊಬ್ಬ ಈಗ ಒಂದು ಮಾತು ಇಟ್ಟಿದ್ದಾನೆ. ಬಾಟಿಕ್ ಚಿತ್ತಾರವನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿದ ಬಟ್ಟೆಯನ್ನು ತಾನೇ ತಂದು ಕೊಡುತ್ತಾನಂತೆ; ಸಂಘ ಅದಕ್ಕೆ ತನ್ನ ಚೀಟಿ ಅಂಟಿಸಿ ಮಾರಿದರೆ ಸಾಕಂತೆ. ವಾರಗಟ್ಟಲೆ ಮೇಣದ ಹೊಗೆ ಕುಡಿದು ಗಳಿಸುವುದಕ್ಕಿಂತ ಹೆಚ್ಚು ಹಣ ಚೀಟಿ ಅಂಟಿಸುವುದರಲ್ಲೇ ಬರುತ್ತದೆಂದು ಅವನ ಲೆಕ್ಕ. ಕಾಲಕ್ಕೆ ತಕ್ಕಂತೆ ನಡೆಯಬೇಕು ಎನ್ನುವವರು ನಿಮ್ಮಲ್ಲಿ ಕೆಲವರಿದ್ದಾರೆ. ಹಿಂದಿನವರು ಮಾಡಿದ್ದನ್ನು ಒಂದು ಚುಕ್ಕೆಯೂ ಬದಲಿಸಕೂಡದು ಎನ್ನುವವರು ಕೆಲವರಿದ್ದಾರೆ. ಈ ಎರಡು ಪಂಗಡಗಳ ನಡುವೆ ಸಂಘ ಒಡೆದುಹೋದೀತು ಎಂಬ ಭಯ ನಿಮಗೆ ಇದೆ.

ಈ ಜಗಳ ಹೊಸದಲ್ಲ. ಬಾಟಿಕ್ಕಿನ ತವರೆಂದು ಜಗತ್ತು ಒಪ್ಪಿರುವ ಜಾವಾ ದ್ವೀಪದಲ್ಲಿ ಇದು ಇನ್ನೂರು ವರ್ಷಗಳಿಂದ ನಡೆದಿದೆ. ಆದ್ದರಿಂದ ಮೊದಲು ಅಲ್ಲಿಯ ಕಥೆಯನ್ನು ನೋಡೋಣ. ಆಮೇಲೆ ನಮ್ಮ ಮನೆಯ ಮಾತಿಗೆ ಬರೋಣ.

ಬಾಟಿಕ್ ಎಂದರೇನೆಂಬುದನ್ನು ಇಲ್ಲಿರುವ ಬೇರೆ ಕಸುಬಿನ ಸಂಗಾತಿಗಳಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಬಟ್ಟೆಯ ಮೇಲೆ ಬಣ್ಣ ಹತ್ತಬಾರದ ಕಡೆ ಕಾದ ಮೇಣವನ್ನು ಹಚ್ಚುತ್ತಾರೆ. ಜೇನುಮೇಣ, ಪ್ಯಾರಾಫಿನ್, ಮರದ ರಾಳ, ಇವನ್ನು ಹದವಾಗಿ ಬೆರೆಸಿದ ಮೇಣ ಅದು. ಹಾಗೆ ಹಚ್ಚಿದ ಬಟ್ಟೆಯನ್ನು ತಣ್ಣನೆಯ ಬಣ್ಣದ ನೀರಿನಲ್ಲಿ ಅದ್ದಿದರೆ ಮೇಣವಿಲ್ಲದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಬಳಿಕ ಮೇಣವನ್ನು ಕೆರೆದು ಅಥವಾ ಕುದಿಸಿ ತೆಗೆದು, ಎರಡನೆಯ ಬಣ್ಣಕ್ಕೆ ಮತ್ತೆ ಮೇಣ ಹಚ್ಚಬೇಕು. ಜಾವಾದ ಹೆಂಗಸರು ಇದಕ್ಕೆ ಬಳಸುವ ಉಪಕರಣದ ಹೆಸರು ಚಾಂತಿಂಗ್. ಸಣ್ಣ ಹಿಡಿಕೆಯ ತುದಿಗೆ ತಾಮ್ರದ ಪುಟ್ಟ ಬಟ್ಟಲು, ಬಟ್ಟಲಿಗೆ ಸಪೂರ ಮೂತಿ. ಮೂತಿಯಿಂದ ಇಳಿಯುವ ಮೇಣದಲ್ಲಿ ಗೆರೆ ಎಳೆಯುತ್ತಾರೆ, ಚುಕ್ಕೆ ಇಡುತ್ತಾರೆ. ಈ ಬಗೆಯ ಬಟ್ಟೆಗೆ ಅಲ್ಲಿ ‘ಬರೆದ ಬಾಟಿಕ್’ ಎಂದೇ ಹೆಸರು. ಉತ್ತಮ ಬಟ್ಟೆಗೆ ಎರಡೂ ಮಗ್ಗುಲಿನಲ್ಲಿ ಮೇಣ ಬರೆಯಬೇಕು. ಒಂದು ಒಳ್ಳೆಯ ಉಡಿಗೆಗೆ ತಿಂಗಳುಗಟ್ಟಲೆ ದುಡಿಮೆ ಹಿಡಿಯುತ್ತದೆ.

ಈಗ ಹಳೆಯದನ್ನು ಒಂದಿಷ್ಟೂ ಮುಟ್ಟಕೂಡದು ಎನ್ನುವವರ ವಾದವನ್ನು ತೆಗೆದುಕೊಳ್ಳೋಣ. ಆ ಹಳೆಯದು ಎಲ್ಲರಿಗೂ ಸೇರಿದ್ದಾಗಿತ್ತೇ? ಜಾವಾದಲ್ಲಿ ಪರಾಂಗ್ ಎಂಬ ಒಂದು ಚಿತ್ತಾರವಿದೆ. ಓರೆಯಾಗಿ ಹರಿಯುವ ಕತ್ತಿಯಲುಗಿನಂಥ ಪಟ್ಟೆಗಳು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸುರಕರ್ತ ಮತ್ತು ಯೋಗ್ಯಕರ್ತದ ಅರಸರು ಇಂಥ ಕೆಲವು ಚಿತ್ತಾರಗಳನ್ನು ಸಾಮಾನ್ಯ ಜನ ಉಡಕೂಡದೆಂದು ಆಜ್ಞೆ ಹೊರಡಿಸಿದರು. ಮೇಣದ ಮುಂದೆ ಕೂತು ಅದನ್ನು ಬರೆದ ಹೆಣ್ಣುಮಗಳಿಗೆ ಅದನ್ನು ಉಡುವ ಹಕ್ಕು ಇರಲಿಲ್ಲ! ಸಂಪ್ರದಾಯ ಎಂಬ ಮಾತನ್ನು ಕೇಳಿದಾಗಲೆಲ್ಲ ಅದು ಯಾರ ಸಂಪ್ರದಾಯ, ಅದರಲ್ಲಿ ಉಟ್ಟವರು ಯಾರು, ಬರೆದವರು ಯಾರು ಎಂದು ಕೇಳುವುದನ್ನು ನಾವು ಕಲಿಯಬೇಕು. ನಮ್ಮ ದೇಶದಲ್ಲಿ ಜಾತಿಯ ಹೆಸರಿನಲ್ಲಿ ಉಡಿಗೆ ತೊಡಿಗೆಗೆ ಕಟ್ಟು ಹಾಕಿದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ಆ ಹಳೆಯದು ಎಂದೂ ನಿಂತ ನೀರಾಗಿರಲಿಲ್ಲ. ಅರಮನೆಯ ಊರುಗಳಲ್ಲಿ ನೀಲಿ, ಕಂದು, ಬಿಳಿ ಬಣ್ಣಗಳ ಬಟ್ಟೆ ನಡೆಯುತ್ತಿದ್ದಾಗ, ಉತ್ತರದ ಕಡಲತೀರದ ಪೆಕಲೋಂಗನ್ ಮೊದಲಾದ ಪಟ್ಟಣಗಳಲ್ಲಿ ಚೀನೀಯರು, ಅರಬರು, ಡಚ್ಚರು, ಭಾರತದ ವರ್ತಕರು ತಂದ ಹೂಬಳ್ಳಿ ಹಕ್ಕಿಗಳೆಲ್ಲ ಬಟ್ಟೆಯೊಳಗೆ ಬಂದುವು. ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದಲ್ಲಿ ಅಧ್ಯಕ್ಷ ಸುಕರ್ಣೊ ಅವರ ಪ್ರೋತ್ಸಾಹದಿಂದ ಗೋ ತಿಕ್ ಸ್ವಾನ್ ಎಂಬ ಕಲಾವಿದರು ಅರಮನೆಯ ಚಿತ್ತಾರವನ್ನೂ ಕಡಲತೀರದ ಬಣ್ಣಗಳನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸಿದರು. ಅವರು ಹುಟ್ಟಿನಿಂದ ಚೀನೀ ಮನೆತನದವರು. ಅದಕ್ಕೆ ಇಂಡೊನೇಷ್ಯದ ಬಾಟಿಕ್ ಎಂದೇ ಹೆಸರಾಯಿತು. ಹಳೆಯದನ್ನು ಬಲ್ಲವರು ಮಾಡಿದ ಹೊಸದು ಹೀಗಿರುತ್ತದೆ. ಅದಕ್ಕೆ ನಮ್ಮ ವಿರೋಧವಿಲ್ಲ.

ಇನ್ನು ಯಂತ್ರದ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ಹಾಲೆಂಡಿನ ಗಿರಣಿಗಳವರು ಬಾಟಿಕ್ಕಿನ ನಕಲು ಬಟ್ಟೆಯನ್ನು ಮಾಡಿ ಜಾವಾಕ್ಕೆ ತುಂಬಿದರು. ಢಾಕಾದ ನೇಕಾರನಿಗೆ ಮ್ಯಾಂಚೆಸ್ಟರ್ ಮಾಡಿದ್ದನ್ನೇ ಜಾವಾದ ಹೆಣ್ಣುಮಗಳಿಗೂ ಮಾಡಹೊರಟರು. ನಕಲಿನ ಬೆಲೆ ಕಡಮೆ. ಕೆಲಕಾಲ ವ್ಯಾಪಾರವೂ ನಡೆಯಿತು. ಆದರೆ ಆ ಶತಮಾನದ ನಡುಭಾಗದ ಹೊತ್ತಿಗೆ ಜಾವಾದವರೇ ಒಂದು ಹೊಸ ಉಪಕರಣವನ್ನು ಹಿಡಿದರು. ತಾಮ್ರದ ಪಟ್ಟಿಗಳನ್ನು ಬಾಗಿಸಿ, ಬೆಸೆದು ಮಾಡಿದ ಅಚ್ಚು ಅದು. ಅದನ್ನು ಕಾದ ಮೇಣದಲ್ಲಿ ಒತ್ತಿ ಬಟ್ಟೆಯ ಮೇಲೆ ಊರಿದರೆ ಚಾಂತಿಂಗ್ ಹಿಡಿದು ಗಂಟೆಗಟ್ಟಲೆ ಬರೆಯುವ ಚಿತ್ತಾರ ಕ್ಷಣದಲ್ಲಿ ಮೂಡುತ್ತದೆ. ಅದಕ್ಕೆ ಅವರು ಚಾಪ್ ಎಂದು ಹೆಸರಿಟ್ಟರು. ನಾವು ಛಾಪು ಎನ್ನುವ ಮಾತಿಗೂ ಅದಕ್ಕೂ ಮೂಲ ಒಂದೇ. ತಿಂಗಳ ಕೆಲಸ ಕೆಲವೇ ದಿನಗಳಿಗೆ ಇಳಿಯಿತು. ಬೆಲೆ ಇಳಿಯಿತು. ಬಟ್ಟೆ ಮಾತ್ರ ನಿಜವಾದ ಬಾಟಿಕ್ಕಾಗಿಯೇ ಉಳಿಯಿತು, ಏಕೆಂದರೆ ಮೇಣವಿತ್ತು, ಅದ್ದುವ ಬಣ್ಣವಿತ್ತು, ಎರಡೂ ಮಗ್ಗುಲಿಗೆ ಬಣ್ಣ ಹತ್ತುತ್ತಿತ್ತು. ಡಚ್ಚರ ನಕಲಿನಲ್ಲಿ ರಾಳ ಬಿರಿದು ಬಣ್ಣದ ಸಣ್ಣ ಸೀಳುಗಳು ಬೀಳುತ್ತಿದ್ದುವು. ಜಾವಾದ ಕಣ್ಣಿಗೆ ಅದು ದೋಷ. ಕೊನೆಗೆ ಆ ಗಿರಣಿಗಳವರು ತಮ್ಮ ಸರಕನ್ನು ಪಶ್ಚಿಮ ಆಫ್ರಿಕಕ್ಕೆ ಸಾಗಿಸಿದರು. ಅಲ್ಲಿಯ ಜನ ಅದೇ ಬಿರುಕನ್ನು ಮೆಚ್ಚಿಕೊಂಡರು. ಆಫ್ರಿಕದ ಸಂತೆಗಳಲ್ಲಿ ಹೆಸರಾದ ಮೇಣದಚ್ಚಿನ ಬಟ್ಟೆಯ ಹುಟ್ಟು ಹೀಗೆ.

ಹೊಸ ಉಪಕರಣವೆಂದೊಡನೆ ಬೆಚ್ಚುವವರು ಇದನ್ನು ಮನಸ್ಸಿನಲ್ಲಿಡಬೇಕು. ಚಾಪ್ ಬರದಿದ್ದರೆ ಜಾವಾದ ಸಾಮಾನ್ಯ ಜನ ಉಡುವ ಬಟ್ಟೆ ಪರದೇಶದ ಗಿರಣಿಯ ಪಾಲಾಗುತ್ತಿತ್ತು. ಆದರೆ ಹೊಸತನ್ನು ಕೊಂಡಾಡುವವರು ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಚಾಂತಿಂಗ್ ಹೆಂಗಸರ ಕೈಯಲ್ಲಿತ್ತು, ಚಾಪ್ ಗಂಡಸರ ಕೈಗೆ ಹೋಯಿತು. ಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಕೆಲಸ ಸಾಹುಕಾರನ ಕೊಟ್ಟಿಗೆಗೆ ಹೋಯಿತು. ತಾಮ್ರದ ಅಚ್ಚುಗಳಿಗೆ ಹಣ ಬೇಕು. ಹಣವಿದ್ದವನು ಅಚ್ಚುಗಳ ಒಡೆಯನಾದ, ಹಣವಿಲ್ಲದವನು ಅಚ್ಚು ಒತ್ತುವ ಕೂಲಿಯಾದ. ಉಪಕರಣ ಒಳ್ಳೆಯದೇ ಆಗಿತ್ತು. ಒಡೆತನದಲ್ಲಿ ಕೇಡು ಹೊಕ್ಕಿತು.

ಬರೆಯುವ ಹೆಂಗಸರ ಗತಿಯಾದರೂ ಏನಾಯಿತು? ಪೆಕಲೋಂಗನ್ ಪಟ್ಟಣದಲ್ಲಿ ಎಲೀಜಾ ವಾನ್ ಜೈಲನ್ ಎಂಬಾಕೆಯ ಕಾರ್ಯಾಗಾರ ಬಹು ಹೆಸರು ಪಡೆದಿತ್ತು. ಆಕೆಯ ಬಟ್ಟೆಗಳನ್ನು ಇಂದು ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಜೋಪಾನ ಮಾಡಿವೆ. ಆ ಬಟ್ಟೆಗಳ ಅಂಚಿನಲ್ಲಿ ಮೇಣದಲ್ಲೇ ಬರೆದ ರುಜು ಇದೆ. ಅದು ಒಡತಿಯ ಹೆಸರು. ಬಟ್ಟೆಯ ಮೇಲೆ ತಿಂಗಳುಗಟ್ಟಲೆ ಬಾಗಿ ಕೂತು ಆ ಹೂಗೊಂಚಲುಗಳನ್ನು ಬರೆದ ಜಾವಾದ ಹೆಂಗಸರ ಹೆಸರುಗಳು ಅಲ್ಲಿಲ್ಲ. 1930ರ ಸುಮಾರಿಗೆ ಡಚ್ ಸರ್ಕಾರವೇ ಬಾಟಿಕ್ ಕಾರ್ಯಾಗಾರಗಳ ವಿಚಾರಣೆ ನಡೆಸಿ ವರದಿ ಹೊರಡಿಸಿತು. ಮುಂಗಡ ಕೊಟ್ಟು ಸಾಲದಲ್ಲಿ ಸಿಕ್ಕಿಸಿ ದುಡಿಸಿಕೊಳ್ಳುವುದು, ಅತಿ ಕಡಮೆ ಕೂಲಿ, ಕತ್ತಲೆ ಹೊಗೆಗಳ ಕೊಟ್ಟಿಗೆ, ಇವೆಲ್ಲ ಅದರಲ್ಲಿ ಬಯಲಿಗೆ ಬಂದುವು. ನಮ್ಮ ಕಡೆ ಜೀತವೆಂದು ಕರೆಯುವುದು ಅಲ್ಲಿ ಕಲೆಯ ಹೆಸರಿನಲ್ಲಿ ನಡೆದಿತ್ತು. 1942ರಿಂದ 1945ರವರೆಗೆ ಜಪಾನೀಯರು ಜಾವಾವನ್ನು ಆಳಿದಾಗ ಬಟ್ಟೆಯ ಬರ ಬಂತು. ಬಟ್ಟೆ ಕಡಮೆ, ಕೈಗಳು ಹೆಚ್ಚು. ಆ ಕೈಗಳಿಗೆ ಕೆಲಸ ಕೊಡಲು ಒಂದೊಂದು ಬಟ್ಟೆಯನ್ನೂ ಅತಿ ದಟ್ಟವಾಗಿ ಬರೆಸಿದರು. ಇಂದು ಸಂಗ್ರಹಕಾರರು ಅವುಗಳ ನಯವನ್ನು ಹೊಗಳುತ್ತಾರೆ. ಆ ನಯದ ಹಿಂದೆ ಇದ್ದದ್ದು ಬರಗಾಲ.

ಬಣ್ಣದ ವಿಷಯದಲ್ಲೂ ಇದೇ ಪಾಠ. ಹಿಂದೆ ನೀಲಿ ಗಿಡದ ಬಣ್ಣ, ಮರದ ತೊಗಟೆಗಳಿಂದ ತೆಗೆದ ಸೋಗ ಎಂಬ ಕಂದುಬಣ್ಣ, ಮೆಂಗ್‌ಕುಡು ಎಂಬ ಗಿಡದ ಬೇರಿನ ಕೆಂಪು ಬಳಕೆಯಲ್ಲಿದ್ದುವು. ಸೋಗದ ಕಂದು ತಿರುಳಾಗಿ ಕೂರಬೇಕಾದರೆ ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಸಾಯನಿಕ ಬಣ್ಣಗಳು ಬಂದುವು. 1897ರಲ್ಲಿ ಕೃತಕ ನೀಲಿಯೂ ಮಾರುಕಟ್ಟೆಗೆ ಬಂತು. ಕೆಲಸ ಹಗುರಾಯಿತು, ಬಣ್ಣಗಳು ಬಗೆಬಗೆಯಾದುವು. ಆದರೆ ಬಣ್ಣದ ಕೀಲಿಕೈ ಪರದೇಶದ ಕಂಪನಿಗಳ ಕೈಗೆ ಹೋಯಿತು. ಕಾಲ ಕಳೆದಂತೆ ಕೊಟ್ಟಿಗೆಗಳಿಂದ ಹರಿದ ನೀರು ಪೆಕಲೋಂಗನ್ನಿನ ಹೊಳೆಗಳಿಗೆ ಬಣ್ಣ ಹಚ್ಚಿತು. ಆ ನೀರಿನ ಬದಿಯಲ್ಲಿ ವಾಸ ಮಾಡುವವರು ಬಡವರು. ಗಿಡದ ಬಣ್ಣಕ್ಕೆ ಮರಳುವ ಮಾತು ಅಲ್ಲಿ ಈಗ ಮತ್ತೆ ಎದ್ದಿರುವುದು ಹಳೆಯದರ ಮೇಲಿನ ಮೋಹದಿಂದಷ್ಟೇ ಅಲ್ಲ, ನೀರಿನ ಚಿಂತೆಯಿಂದ ಕೂಡ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ‘ಚರಕ’ ಮಹಿಳಾ ಸಹಕಾರ ಸಂಘದವರು ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಮಲೆನಾಡಿನ ಪ್ರತಿ ಮನೆಗೂ ಗೊತ್ತಿದ್ದ ವಸ್ತುವನ್ನು ಹೊಸ ಕಾಲದ ಉಡಿಗೆಗೆ ಹೊಂದಿಸಿದ ಕೆಲಸ ಅದು. ಇದನ್ನು ಹಳತೆನ್ನುತ್ತೀರೋ, ಹೊಸತೆನ್ನುತ್ತೀರೋ?

ಜಾವಾದ ಬಾಟಿಕ್‌ದಾರರು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಸುರಕರ್ತದ ಲವೆಯಾನ್ ಕೇರಿಯ ಬಾಟಿಕ್ ವರ್ತಕ ಹಾಜಿ ಸಮನ್‌ಹುದಿ ಕಟ್ಟಿದ ವರ್ತಕರ ಕೂಟವೇ 1912ರಲ್ಲಿ ಸಾರೆಕಾತ್ ಇಸ್ಲಾಂ ಎಂಬ ದೊಡ್ಡ ಜನಸಂಘಟನೆಯಾಯಿತು. ಡಚ್ ಆಳ್ವಿಕೆಯ ವಿರುದ್ಧ ಇಂಡೊನೇಷ್ಯದ ಸಾಮಾನ್ಯ ಜನ ಮೊದಲು ಒಟ್ಟುಗೂಡಿದ್ದು ಅದರ ನೆರಳಿನಲ್ಲಿ. ಬಾಟಿಕ್ಕಿಗೆ ಬೇಕಾದ ನಯವಾದ ಬಿಳಿ ಬಟ್ಟೆ ಹೊರದೇಶದಿಂದ ಬರಬೇಕಾಗಿತ್ತು, ಅದರ ಸಗಟು ವ್ಯಾಪಾರ ಬೇರೆಯವರ ಮುಷ್ಟಿಯಲ್ಲಿತ್ತು. ಬಟ್ಟೆ ಸಾಲಕ್ಕೆ ಕೊಟ್ಟವನೇ ಕೊನೆಗೆ ಬೆಲೆಯನ್ನೂ ಗೊತ್ತುಮಾಡುತ್ತಿದ್ದ. ಇದನ್ನು ಮುರಿಯಲು ಊರೂರಿನ ಸಹಕಾರ ಸಂಘಗಳು ಸೇರಿ 1948ರಲ್ಲಿ ಒಂದು ಒಕ್ಕೂಟ ಮಾಡಿಕೊಂಡುವು. ಸ್ವತಂತ್ರ ಸರ್ಕಾರ 1950ರ ದಶಕದಲ್ಲಿ ಆ ಬಿಳಿ ಬಟ್ಟೆಯನ್ನು ತರಿಸಿ ಹಂಚುವ ಅಧಿಕಾರವನ್ನು ಈ ಒಕ್ಕೂಟಕ್ಕೇ ಕೊಟ್ಟಿತು. ಹಂಚಿದ ಲಾಭದಲ್ಲಿ ಒಕ್ಕೂಟ 1960ರ ದಶಕದ ಆರಂಭದಲ್ಲಿ ಯೋಗ್ಯಕರ್ತದ ಹತ್ತಿರ ಮೆದಾರಿ ಎಂಬಲ್ಲಿ ತನ್ನದೇ ಬಟ್ಟೆ ಗಿರಣಿಯನ್ನು ಎಬ್ಬಿಸಿತು. ಗಿರಣಿ ಇಲ್ಲಿ ಕೈಕಸುಬಿನ ಶತ್ರುವಾಗಿರಲಿಲ್ಲ. ಕೈಕಸುಬಿನವರ ಸಂಘವೇ ಗಿರಣಿಯ ಒಡೆಯನಾಗಿತ್ತು. ಇದನ್ನು ನೀವು ಚೆನ್ನಾಗಿ ಗಮನಿಸಬೇಕು.

ಆದರೆ ಈ ಸಂಘದಲ್ಲೂ ಒಂದು ದೊಡ್ಡ ಕೊರತೆಯಿತ್ತು. ಸದಸ್ಯರಾದವರು ಕಾರ್ಯಾಗಾರಗಳ ಮಾಲೀಕರು. ಮೇಣ ಬರೆಯುವ ಹೆಂಗಸರು, ಅಚ್ಚು ಒತ್ತುವ ಕೂಲಿಗಳು ಹೊರಗೇ ಉಳಿದರು. ಅಗ್ಗದ ಬೆಲೆಗೆ ಬಂದ ಬಟ್ಟೆಯನ್ನು ಬಾಟಿಕ್ ಮಾಡದೆ ಕಾಳಸಂತೆಯಲ್ಲಿ ಮಾರಿಕೊಂಡ ಸದಸ್ಯರೂ ಇದ್ದರು. 1960ರ ದಶಕದ ಕೊನೆಯಲ್ಲಿ ಸುಹಾರ್ತೊ ಸರ್ಕಾರ ಬಂದು, 1967ರ ಕಾಯಿದೆಯಿಂದ ಪರದೇಶದ ಬಂಡವಲಕ್ಕೆ ಬಾಗಿಲು ತೆರೆದು, ಸಹಕಾರ ಸಂಘಗಳಿಗಿದ್ದ ಆಸರೆ ತಪ್ಪಿದಾಗ ಅವುಗಳನ್ನು ಕಾಯಲು ದುಡಿಮೆಗಾರರ ಸಾಲು ನಿಲ್ಲಲಿಲ್ಲ. ತನ್ನದಲ್ಲದ ಸಂಘಕ್ಕಾಗಿ ಯಾರು ಹೋರಾಡಿಯಾರು?

ಅದೇ ಹೊತ್ತಿಗೆ, 1970ರ ದಶಕದಲ್ಲಿ, ಪರದೆಯಚ್ಚಿನ ಬಟ್ಟೆ ಬಂತು. ಇದರಲ್ಲಿ ಮೇಣವೇ ಇಲ್ಲ. ಚಿತ್ತಾರವನ್ನು ನೇರವಾಗಿ ಬಣ್ಣದಲ್ಲಿ ಒತ್ತುತ್ತಾರೆ, ಹಿಂಬದಿ ಮಂಕಾಗಿರುತ್ತದೆ. ಬೆಲೆ ಅಗ್ಗ. ಅಗ್ಗದ ಬಟ್ಟೆ ಬಡವರಿಗೆ ಬೇಕು, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ಬಟ್ಟೆಯನ್ನು ಅಚ್ಚಿನ ಬಟ್ಟೆ ಎಂದು ಮಾರಲಿಲ್ಲ, ಬಾಟಿಕ್ ಎಂದೇ ಮಾರಿದರು. ಅಲ್ಲಿಂದ ಸಾವಿರಾರು ಕೈಗಳ ಕೆಲಸ ಹೋಯಿತು. ಚಾಪ್ ಗಿರಣಿಯ ನಕಲನ್ನು ಹಿಂದಟ್ಟಿತ್ತು. ಪರದೆಯಚ್ಚು ಕಸುಬಿನ ಹೆಸರನ್ನೇ ಕದ್ದುಕೊಂಡಿತು. ಎರಡೂ ಹೊಸತೇ, ಆದರೆ ಒಂದು ಸತ್ಯವಾದ ಹೊಸತು, ಇನ್ನೊಂದು ಸುಳ್ಳು. ಬಹಳ ತಡವಾಗಿ, 2007ರಲ್ಲಿ, ಇಂಡೊನೇಷ್ಯ ಸರ್ಕಾರ ಬರೆದ ಬಾಟಿಕ್ಕಿಗೆ ಒಂದು ಬಣ್ಣದ ಗುರುತು, ಚಾಪಿನದಕ್ಕೆ ಒಂದು, ಎರಡೂ ಬೆರೆತದ್ದಕ್ಕೆ ಮತ್ತೊಂದು ಎಂದು ಗುರುತಿನ ಚೀಟಿಗಳನ್ನು ಏರ್ಪಡಿಸಿತು. 2009ರಲ್ಲಿ ಯುನೆಸ್ಕೊ ಸಂಸ್ಥೆ ಇಂಡೊನೇಷ್ಯದ ಬಾಟಿಕ್ಕನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕೂಲಿ ಏರುವುದಿಲ್ಲ. ಪರಂಪರೆಯ ಹೊಗಳಿಕೆ ದೆಹಲಿಯಲ್ಲೂ ಜಕಾರ್ತದಲ್ಲೂ ಧಾರಾಳವಾಗಿ ಸಿಗುತ್ತದೆ. ಮೇಣದ ಬೆಲೆ, ಬಟ್ಟೆಯ ಬೆಲೆ, ದಿನದ ಕೂಲಿ, ಇವುಗಳ ಮಾತು ಬಂದಾಗ ಹೊಗಳುವವರು ಬಾಯಿ ಮುಚ್ಚುತ್ತಾರೆ.

ಈಗ ನಮ್ಮ ದೇಶಕ್ಕೆ ಬರೋಣ. ಉಜ್ಜಯಿನಿಯ ಹತ್ತಿರದ ಭೇರುಗಢದಲ್ಲಿ, ಕಚ್ಛದ ಮುಂದ್ರಾದಲ್ಲಿ ಬಾಟಿಕ್ ಮಾಡುವ ಮನೆತನಗಳಿವೆ. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವಾಕ್ಕೆ ಹೋಗಿ ಬಂದ ಮೇಲೆ ಶಾಂತಿನಿಕೇತನ, ಶ್ರೀನಿಕೇತನಗಳಲ್ಲಿ ಪ್ರತಿಮಾದೇವಿಯವರ ಶ್ರಮದಿಂದ ಈ ಕೆಲಸ ಬೇರೂರಿತು. ಅಲ್ಲಿ ಚಾಂತಿಂಗಿಗೆ ಬದಲು ಕುಂಚ ಬಂತು, ಜಾವಾದವರು ದೋಷವೆಂದ ಬಿರುಕು ಇಲ್ಲಿ ಸೊಗಸಾಯಿತು. ಹೊಸ ನೆಲಕ್ಕೆ ಬಂದ ಕಸುಬು ಹೊಸ ರೂಪ ಪಡೆಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಏರ್ಪಟ್ಟಾಗ ಅದರ ನಾಯಕತ್ವ ವಹಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದವರೂ ಅವರೇ. ಕೈಕಸುಬಿನ ಪ್ರಶ್ನೆ ಅಲಂಕಾರದ ಪ್ರಶ್ನೆಯಲ್ಲ, ದುಡಿಮೆಯ ಪ್ರಶ್ನೆ ಎಂದು ತಿಳಿದಿದ್ದ ಸಮಾಜವಾದಿ ಅವರು. ಆ ಮಂಡಲಿಯನ್ನು 2020ರಲ್ಲಿ, ಕೈಮಗ್ಗ ಮಂಡಲಿಯ ಜೊತೆಯಲ್ಲೇ, ಕೇಂದ್ರ ಸರ್ಕಾರ ರದ್ದುಮಾಡಿತು. ಕಸುಬಿನವರು ಸರ್ಕಾರದ ಮುಂದೆ ಕೂತು ಮಾತಾಡಲು ಇದ್ದ ಒಂದು ಜಗಲಿ ಹೋಯಿತು. ಜಗಲಿ ದೊಡ್ಡದಾಗಿತ್ತೆಂದು ನಾವು ಹೇಳುವುದಿಲ್ಲ. ಇದ್ದದ್ದೂ ಹೋಯಿತು ಎಂದಷ್ಟೇ ಹೇಳುತ್ತೇವೆ.

1952ರ ಪಚ್ಮಢಿ ಅಧಿವೇಶನದಲ್ಲಿ ಡಾಕ್ಟರ್ ಲೋಹಿಯಾರವರು ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ದೊಡ್ಡ ಬಂಡವಲ ಬೇಡದ, ಹಳ್ಳಿಯವರು ತಾವೇ ಇಟ್ಟುಕೊಳ್ಳಬಹುದಾದ ಯಂತ್ರ. ಆ ವಿಚಾರ ನಿಮ್ಮ ಕೊಟ್ಟಿಗೆಗೇ ಹೊಂದುತ್ತದೆ. ಬಿಸಿಯನ್ನು ಹದದಲ್ಲಿ ಹಿಡಿಯುವ ವಿದ್ಯುತ್ ಒಲೆ ಬಂದರೆ ಹೊಗೆ ತಪ್ಪುತ್ತದೆ, ಮೇಣ ಹೊತ್ತಿ ಉರಿಯುವ ಭಯ ತಪ್ಪುತ್ತದೆ. ಅದು ಬರಲಿ. ವಿದ್ಯುತ್ತಿನ ಚಾಂತಿಂಗ್ ಬರಲಿ. ಚಿತ್ತಾರದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ನಿಮ್ಮ ಹೆಣ್ಣುಮಕ್ಕಳು ಕಲಿಯಲಿ. ಬಣ್ಣದ ನೀರನ್ನು ಶುದ್ಧಮಾಡುವ ತೊಟ್ಟಿ ಮೊದಲು ಬರಲಿ. ಇವುಗಳಿಂದ ಕಸುಬು ಕೆಡುವುದಿಲ್ಲ.

ಹಾಗಾದರೆ ಬರಬಾರದ್ದು ಯಾವುದು? ಯಾವ ಹೊಸ ವಸ್ತು ಬಂದರೂ ಸಂಘದ ಸಭೆಯಲ್ಲಿ ನಾಲ್ಕು ಪ್ರಶ್ನೆ ಹಾಕಿ. ಒಂದು, ಅದರ ಒಡೆಯರು ನಾವೋ, ಸಾಲ ಕೊಟ್ಟವನೋ? ಎರಡು, ಅದರಿಂದ ಉಳಿದ ಹೊತ್ತಿನ ಲಾಭ ದುಡಿದವಳ ಕೂಲಿಗೆ ಸೇರುತ್ತದೆಯೋ, ಮತ್ತೊಬ್ಬನ ಪೆಟ್ಟಿಗೆಗೋ? ಮೂರು, ಅದು ಬಂದ ಮೇಲೆ ಕೆಲಸ ಯಾರ ಕೈತಪ್ಪುತ್ತದೆ, ಅವರಿಗೆ ನಾವು ಯಾವ ಕೆಲಸ ಕೊಡುತ್ತೇವೆ? ನಾಲ್ಕು, ಮಾಡಿದ ಬಟ್ಟೆಯನ್ನು ಕೊಳ್ಳುವವನಿಗೆ ಇದ್ದದ್ದು ಇದ್ದಹಾಗೆ ಹೇಳಬಲ್ಲೆವೋ? ಈ ನಾಲ್ಕಕ್ಕೂ ಒಪ್ಪುವ ಉತ್ತರ ಸಿಕ್ಕರೆ ಅದನ್ನು ಧೈರ್ಯವಾಗಿ ತನ್ನಿ, ಅದು ಎಷ್ಟೇ ಹೊಸದಾಗಿರಲಿ. ಸಿಗದಿದ್ದರೆ ಬಿಡಿ, ಅದು ಎಷ್ಟೇ ಹಳೆಯದಾಗಿರಲಿ.

ವ್ಯಾಪಾರಿಯ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿ. ಬಟ್ಟೆ ಅವನದು, ಅಚ್ಚು ಅವನದು, ಲಾಭದ ದೊಡ್ಡ ಪಾಲು ಅವನದು. ನಿಮ್ಮದೆನ್ನಲು ಉಳಿದದ್ದು ಚೀಟಿಯೊಂದೇ. ಅವನಿಗೆ ಬೇಕಾಗಿರುವುದೂ ಅದೇ. ನಿಮ್ಮ ಕೈಗಳು ವರ್ಷಾನುಗಟ್ಟಲೆ ದುಡಿದು ಗಳಿಸಿದ ನಂಬಿಕೆಯನ್ನು ಅವನು ಬಾಡಿಗೆಗೆ ಕೇಳುತ್ತಿದ್ದಾನೆ. ಒಂದೆರಡು ವರ್ಷ ಹಣ ಬಂದೀತು. ಚೀಟಿ ಸುಳ್ಳೆಂದು ಊರಿಗೆ ತಿಳಿದ ದಿನ ಅವನು ಬೇರೊಂದು ಸಂಘವನ್ನು ಹುಡುಕಿಕೊಂಡು ಹೋಗುತ್ತಾನೆ. ಆ ಹೊತ್ತಿಗೆ ನಿಮ್ಮ ಕೈಗೆ ಮೇಣದ ಅಭ್ಯಾಸ ತಪ್ಪಿರುತ್ತದೆ, ಮಕ್ಕಳು ಕಲಿತಿರುವುದಿಲ್ಲ. ಆದ್ದರಿಂದ ಈ ಮಾತಿಗೆ ಒಪ್ಪಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಅಗ್ಗದ ಬಟ್ಟೆಯನ್ನೂ ಮಾರಬೇಕೆಂದಿದ್ದರೆ ಸಂಘವೇ ತಾಮ್ರದ ಇಲ್ಲವೆ ಮರದ ಅಚ್ಚುಗಳನ್ನು ಕೊಂಡು, ಹೆಂಗಸರೇ ಒತ್ತುವುದನ್ನು ಕಲಿತು, ‘ಮೇಣದಚ್ಚಿನ ಬಾಟಿಕ್’ ಎಂದೇ ಬರೆದು ಮಾರಲಿ. ಕೈಯಲ್ಲಿ ಬರೆದದ್ದಕ್ಕೆ ಬೇರೆ ಚೀಟಿ ಇರಲಿ, ಅದರ ಮೇಲೆ ಬರೆದವಳ ಹೆಸರಿರಲಿ.

ಒಪ್ಪಬೇಡಿ ಎಂದು ಹೇಳಿ ಹೋಗುವುದು ಸುಲಭ. ಒಲೆಯ ಮೇಲಿನ ಪಾತ್ರೆ ಖಾಲಿಯಿದ್ದರೆ ಉಪದೇಶ ಹೊಟ್ಟೆ ತುಂಬಿಸುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದ್ದರಿಂದ ಹೋರಾಟವೂ ಜೊತೆಗೆ ನಡೆಯಬೇಕು. ಮೇಣ, ಬಟ್ಟೆ, ಬಣ್ಣಗಳನ್ನು ಸಂಘಗಳೆಲ್ಲ ಒಟ್ಟಾಗಿ ಸಗಟಿನಲ್ಲಿ ಕೊಳ್ಳಬೇಕು. ಸರ್ಕಾರಿ ಕಚೇರಿಗಳು, ಶಾಲೆಗಳು ಕೊಳ್ಳುವ ಬಟ್ಟೆಯಲ್ಲಿ ಒಂದು ಪಾಲು ಕೈಕಸುಬಿನದಾಗಿರಬೇಕೆಂದು, ಕೊಂಡ ಬಟ್ಟೆಯ ಹಣ ಹೊತ್ತಿಗೆ ಸರಿಯಾಗಿ ಬರಬೇಕೆಂದು ಕೇಳಬೇಕು. ಅಚ್ಚಿನ ಬಟ್ಟೆಯನ್ನು ಕೈಯ ಬಟ್ಟೆಯೆಂದು ಮಾರುವವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಜಾವಾದ ಒಕ್ಕೂಟ ಬಿಟ್ಟ ಕೊರತೆಯನ್ನು ನೀವು ತುಂಬಿಕೊಳ್ಳಬೇಕು. ಮೇಣ ಕಾಯಿಸುವವಳು, ಬಟ್ಟೆ ಒಗೆಯುವವಳು, ನೀರು ಹೊರುವವಳು, ಎಲ್ಲರೂ ಸಂಘದ ಸಮಪಾಲಿನ ಸದಸ್ಯರಾಗಬೇಕು. ಬರುವ ಸಾಮಾನ್ಯ ಸಭೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದ ವಿಷಯ ಅದು. ವ್ಯಾಪಾರಿಯ ಕಾಗದಕ್ಕೆ ಉತ್ತರ ಬರೆಯುವುದು ಅದರ ಮರುದಿನವಾದರೂ ಆದೀತು.